ಹಳೆಯ ಜೀಪು, ಕಾರು ಕೊಳ್ಳುವ ಮುನ್ನ

ಕೊಯ್ಲು ಮುಗಿದು, ಕಾಫಿ ಮಾರಾಟವಾಗಿ, ಅಡಿಕೆಯ ಹಣವೂ ಅಷ್ಟಿಷ್ಟು ಕೈಗೆ ಬಂದ ಮೇಲೆ ನಮ್ಮ ಸಂಘದ ಕಛೇರಿಗೆ ಬರುವ ಸಾಲದ ಅರ್ಜಿಗಳಲ್ಲಿ ಒಂದು ಬಗೆಯವು ಪ್ರತಿವರ್ಷವೂ ಇದ್ದೇ ಇರುತ್ತವೆ. ಹತ್ತು ಹದಿನೈದು ವರ್ಷ ಓಡಿದ ಜೀಪನ್ನೋ, ಪಿಕಪ್ಪನ್ನೋ, ಸಣ್ಣ ಕಾರನ್ನೋ ಕೊಳ್ಳಲು ಕೇಳುವ ಸಾಲ ಅದು. ಮೂರು ನಾಲ್ಕು ಎಕರೆಯ ಬೆಳೆಗಾರ ಹೊಸ ವಾಹನದ ಬೆಲೆಗೆ ಕೈಹಾಕುವುದು ಕಷ್ಟ. ಗೊಬ್ಬರ ತರಲು, ಆಳುಗಳನ್ನು ಕರೆತರಲು, ಮಳೆಗಾಲದ ನಡುರಾತ್ರಿ ಆಸ್ಪತ್ರೆಗೆ ಓಡಲು ವಾಹನವಿಲ್ಲದೆಯೂ ನಡೆಯದು. ಆದುದರಿಂದ ಹಳೆಯ ವಾಹನ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ನೋಡದೆ ಕೊಳ್ಳುವುದರಲ್ಲಿ ತಪ್ಪಿದೆ.

ಅರ್ಧ ಎಕರೆ ತೋಟ ಕೊಳ್ಳುವುದಾದರೂ ನಾವು ಹಳೆಯ ಪಹಣಿಗಳನ್ನು ತೆಗೆಸುತ್ತೇವೆ, ಋಣಭಾರ ಪತ್ರ ನೋಡುತ್ತೇವೆ, ಗಡಿಕಲ್ಲಿನ ಬಳಿ ನಿಂತು ಅಳೆಯುತ್ತೇವೆ. ಅದೇ ನಾವು, ಹೆಂಡತಿ ಮಕ್ಕಳನ್ನೂ ಕೆಲಸದವರನ್ನೂ ಕೂರಿಸಿಕೊಂಡು ಘಾಟಿ ಇಳಿಯಬೇಕಾದ ವಾಹನವನ್ನು ಹೊಸ ಬಣ್ಣ ನೋಡಿ, “ಎಫ್.ಸಿ. ಆಗಿದೆ ಸಾರ್” ಎಂಬ ಒಂದು ಮಾತು ಕೇಳಿ ಕೊಂಡುಬಿಡುತ್ತೇವೆ. ಈ ಮಾತಿನ ಅರ್ಥವೇನು, ಅದರಲ್ಲಿ ಎಷ್ಟನ್ನು ನಂಬಬಹುದು, ಮಿಕ್ಕದ್ದನ್ನು ನಾವೇ ಹೇಗೆ ತಿಳಿದುಕೊಳ್ಳಬೇಕು ಎಂಬುದನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವೇ ಕಲಿತ ಪಾಠ

ಇದನ್ನು ಬರೆಯಲು ನಮಗೆ ಯೋಗ್ಯತೆ ಬಂದದ್ದು ಪುಸ್ತಕ ಓದಿ ಅಲ್ಲ. 2011ರಲ್ಲಿ ನಾವೂ ಒಂದು ಹಳೆಯ ಜೀಪು ಕೊಂಡೆವು. ಹದಿನೈದು ವರ್ಷ ತುಂಬಿ, ನೋಂದಣಿ ನವೀಕರಣವಾಗಿ ಮೂರೇ ತಿಂಗಳಾಗಿತ್ತು. ಇನ್ನು ಐದು ವರ್ಷ ಚಿಂತೆಯಿಲ್ಲ ಎಂದು ದಳ್ಳಾಳಿ ಹೇಳಿದ. ಹಸಿರು ಬಣ್ಣ ಕನ್ನಡಿಯಂತಿತ್ತು. ಅಡಿಭಾಗಕ್ಕೆಲ್ಲ ದಪ್ಪಗೆ ಕಪ್ಪು ಟಾರು ಬಣ್ಣ ಬಳಿದಿದ್ದರು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆಂದು ನಾವು ಮೆಚ್ಚಿಕೊಂಡೆವು. 1 ಲಕ್ಷ 40 ಸಾವಿರ ಎಣಿಸಿಕೊಟ್ಟೆವು.

ಮರುವರ್ಷ ಕೊಯ್ಲಿನ ಕಾಲದಲ್ಲಿ ಆರು ಮಂದಿ ಕೆಲಸದವರನ್ನು ಕೂರಿಸಿಕೊಂಡು ತೋಟದ ಇಳಿಜಾರಿನಲ್ಲಿ ಬರುತ್ತಿದ್ದಾಗ, ಹಿಂದಿನ ಎಡಗಡೆಯ ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿದಿರುವ ಕೊಂಡಿ ಚಾಸಿಯ ತಗಡಿನ ಸಮೇತ ಕಿತ್ತುಬಂತು. ಜೀಪು ಧರೆಗೆ ಒರಗಿ ನಿಂತಿತು. ಎದುರು ಬದಿಗೆ ವಾಲಿದ್ದರೆ ಕೆಳಗೆ ನಲವತ್ತು ಅಡಿ ಕಣಿವೆ. ಒಬ್ಬ ಹೆಣ್ಣುಮಗಳ ಕೈಮೂಳೆ ಮುರಿಯಿತು. ಆ ವರ್ಷದ ಕೊಯ್ಲಿನ ಕೂಲಿಯೆಲ್ಲ ಆಕೆಗೆ ತಪ್ಪಿತು. ವಿಮೆ ಚಾಲ್ತಿಯಲ್ಲಿತ್ತು, ಆದರೆ ಅದು ಬರೀ ಥರ್ಡ್ ಪಾರ್ಟಿ ವಿಮೆ. ಜೀಪಿನೊಳಗೆ ಕುಳಿತವರಿಗೆ ಅದರಿಂದ ಪರಿಹಾರ ದೊರೆಯಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಆಕೆಯ ಕೂಲಿಯನ್ನೂ ನಾವೇ ಕೊಟ್ಟೆವು. ಕೊಡಬೇಕಾದದ್ದೇ ನ್ಯಾಯ. ಚಾಸಿ ಕಟ್ಟಿಸಲು 52 ಸಾವಿರ ಬೇರೆ ಆಯಿತು.

ಪೇಟೆಯ ಹಳೆಯ ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಆ ಟಾರು ಬಣ್ಣವನ್ನು ಕೆರೆದು ತೋರಿಸಿದರು. ಒಳಗೆ ಕಬ್ಬಿಣವೇ ಇರಲಿಲ್ಲ. ಪದರ ಪದರವಾಗಿ ತುಕ್ಕು ಉದುರಿತು. “ಕೊಳ್ಳೋ ಮೊದಲು ಒಂದು ಗಂಟೆ ನನ್ನ ಹತ್ರ ತಂದಿದ್ರೆ ಸಾಕಿತ್ತು ಸಾರ್” ಎಂದರು. ಕಾಫಿ ಗಿಡದ ಬಿಳಿ ಕಾಂಡಕೊರಕ ನೆನಪಾಯಿತು. ಮೇಲೆ ಎಲೆ ಹಸಿರಾಗಿರುವಾಗಲೇ ಒಳಗೆ ಕಾಂಡ ಪುಡಿಯಾಗಿರುತ್ತದೆ. ಗಿಡದಲ್ಲಾದರೆ ಕಾಂಡದ ಮೇಲಿನ ಉಬ್ಬುಗೆರೆ ನೋಡಿ ನಾವು ಪತ್ತೆ ಹಚ್ಚುತ್ತೇವೆ. ವಾಹನದಲ್ಲಿ ಆ ಗೆರೆಗಳು ಎಲ್ಲಿರುತ್ತವೆಂಬುದು ನಮಗೆ ತಿಳಿದಿರಲಿಲ್ಲ.

ತಪಾಸಣೆ ಪತ್ರ ಏನನ್ನು ಹೇಳುತ್ತದೆ

ಮೊದಲು ಒಂದು ವಿಚಾರ ಸ್ಪಷ್ಟವಾಗಬೇಕು. ನಮ್ಮ ದೇಶದಲ್ಲಿ ವಾಹನಗಳ ತಪಾಸಣೆ ಎರಡು ಬಗೆ.

ಹಳದಿ ಬೋರ್ಡಿನ ವಾಹನಗಳಿಗೆ, ಅಂದರೆ ಪಿಕಪ್ಪು, ಲಾರಿ, ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳಿಗೆ, 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನಂತೆ ಅರ್ಹತಾ ಪತ್ರ ಇರಲೇಬೇಕು. ಇದನ್ನೇ ನಾವು ಎಫ್.ಸಿ. ಎನ್ನುವುದು. ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಇದನ್ನು ಮಾಡಿಸಬೇಕು. ಎಫ್.ಸಿ. ಮುಗಿದ ಸಾರಿಗೆ ವಾಹನವನ್ನು ಕಾನೂನು ನೋಂದಣಿಯೇ ಇಲ್ಲದ ವಾಹನವೆಂದು ಎಣಿಸುತ್ತದೆ.

ಬಿಳಿ ಬೋರ್ಡಿನ ಸ್ವಂತ ವಾಹನಗಳ ಮಾತು ಬೇರೆ. ಇವುಗಳ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಆರ್.ಟಿ.ಓ. ಕಛೇರಿಗೆ ಒಯ್ದು, 25ನೇ ನಮೂನೆಯ ಅರ್ಜಿ ಹಾಕಿ, ತಪಾಸಣೆ ಮಾಡಿಸಿ, 5 ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅಂದರೆ ಬಿಳಿ ಬೋರ್ಡಿನ ಜೀಪು ಅಥವಾ ಕಾರನ್ನು ನೋಂದಣಿಯ ದಿನ ಬಿಟ್ಟರೆ ಮೊದಲ 15 ವರ್ಷ ಯಾವ ಅಧಿಕಾರಿಯೂ ಬ್ರೇಕು, ಸ್ಟಿಯರಿಂಗು, ಚಾಸಿ ನೋಡಿ ಪರೀಕ್ಷಿಸಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನಲ್ಲಿ 3 ವರ್ಷ ತುಂಬಿದ ಸ್ವಂತ ಕಾರಿಗೂ ಪ್ರತಿವರ್ಷ ಕಡ್ಡಾಯ ತಪಾಸಣೆಯಿದೆ. ಯಾವ ವರ್ಷ ಯಾವ ದೋಷಕ್ಕೆ ಅನುತ್ತೀರ್ಣವಾಯಿತು, ಆಗ ಎಷ್ಟು ಮೈಲಿ ಓಡಿತ್ತು ಎಂಬುದನ್ನು ಕೊಳ್ಳುವವನು ಕುಳಿತಲ್ಲೇ ನೋಡಬಹುದು. ನಮ್ಮಲ್ಲಿ ಅಂಥ ದಾಖಲೆಯಿಲ್ಲ. ಅದನ್ನು ನಾವೇ ಜೋಡಿಸಿಕೊಳ್ಳಬೇಕು.

ಹೊಗೆ ತಪಾಸಣೆ, ಅಂದರೆ ಎಮಿಷನ್ ಟೆಸ್ಟು, ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದು ನೋಡುವುದು ಹೊಗೆಯನ್ನು ಮಾತ್ರ. ಪೆಟ್ರೋಲು ವಾಹನವಾದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನುಗಳ ಪ್ರಮಾಣ. ಡೀಸೆಲ್ಲಾದರೆ ಹೊಗೆಯ ಕಪ್ಪು ಎಷ್ಟೆಂಬುದು. ಬ್ರೇಕೇ ಇಲ್ಲದ ಜೀಪೂ ಎಮಿಷನ್ನಿನಲ್ಲಿ ಪಾಸಾಗಬಹುದು.

ಇನ್ನು ಎಫ್.ಸಿ.ಯಾಗಲೀ ನವೀಕರಣವಾಗಲೀ ಹೇಳುವುದು, ಆ ದಿನ ಆ ಹೊತ್ತಿಗೆ ವಾಹನ ಹೀಗಿತ್ತು ಎಂದಷ್ಟೆ. ಪತ್ರದ ಮೇಲೆ 5 ವರ್ಷ ಎಂದಿದ್ದರೆ ಕಾಗದದ ಆಯುಸ್ಸು 5 ವರ್ಷ, ಕಬ್ಬಿಣದ್ದಲ್ಲ. ತಪಾಸಣೆಯ ದಿನಕ್ಕೆಂದು ಒಳ್ಳೆಯ ಟೈರನ್ನು ಬಾಡಿಗೆಗೆ ಹಾಕಿಸಿ, ಮರುದಿನ ಬಿಚ್ಚುವವರೂ ಇದ್ದಾರೆ. ಕೇಂದ್ರ ಸರ್ಕಾರವು 2021ರಲ್ಲಿ ಹಳೆಯ ವಾಹನಗಳ ನೀತಿ ಪ್ರಕಟಿಸಿದ ಮೇಲೆ, ಬ್ರೇಕಿನ ಹಿಡಿತ ಮುಂತಾದವನ್ನು ಯಂತ್ರದಿಂದಲೇ ಅಳೆಯುವ ತಪಾಸಣಾ ಕೇಂದ್ರಗಳು ಒಂದೊಂದಾಗಿ ಬರುತ್ತಿವೆ. ಹಿಂದೆ ಕಣ್ಣಳತೆಯಲ್ಲಿ ಪಾಸಾದ ವಾಹನ ಮುಂದಿನ ಸಲವೂ ಪಾಸಾಗುವುದೆಂಬ ಧೈರ್ಯ ಬೇಡ.

ಕಾಗದಪತ್ರಗಳನ್ನು ಓದುವ ಬಗೆ

ಮೊದಲು ಆರ್.ಸಿ. ಕೈಗೆ ತೆಗೆದುಕೊಳ್ಳಿರಿ. ನಕಲು ಸಾಲದು, ಮೂಲ ಬೇಕು. ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರುಗಳನ್ನು ವಾಹನದ ಮೇಲೆ ಕೊರೆದಿರುವ ನಂಬರಿನೊಡನೆ ಒಂದೊಂದಕ್ಷರ ತಾಳೆ ನೋಡಬೇಕು. ಆರ್.ಟಿ.ಓ. ಕಛೇರಿಯಲ್ಲಿ ಮಾಡುವಂತೆ ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಕ್ಷರಗಳ ಸಾಲು ಸೊಟ್ಟಗಿದ್ದರೆ, ಸುತ್ತ ಅರದಿಂದ ಉಜ್ಜಿದ ಗುರುತಿದ್ದರೆ, ಅಲ್ಲಿಗೇ ಕೈಮುಗಿದು ಬರುವುದು ಒಳ್ಳೆಯದು.

ನಮ್ಮ ಕಡೆಯ ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಬದಲಾದದ್ದು ಆರ್.ಸಿ.ಯಲ್ಲಿ ದಾಖಲಾಗಿರಬೇಕು. ಉದ್ದ ಮಾಡಿಸಿದ, ಎತ್ತರಿಸಿದ, ಬೇರೆ ಬಾಡಿ ಕಟ್ಟಿಸಿದ ಜೀಪುಗಳ ವಿಷಯದಲ್ಲೂ ಎಚ್ಚರ ಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು 52ನೇ ಕಲಮು ಹೇಳುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ನೋಡಲು ಚೆಂದವೆಂದು ಕೊಂಡ ಜೀಪು ನವೀಕರಣದ ದಿನ ಆರ್.ಟಿ.ಓ. ಅಂಗಳದಿಂದ ಹಿಂದಿರುಗಿ ಬರಬಹುದು.

ಆಮೇಲೆ ತಾರೀಖುಗಳು. ಮಾರುವವರ ಹತ್ತಿರ ಇರುವ ಹಳೆಯ ಎಫ್.ಸಿ., ಎಮಿಷನ್ ಚೀಟಿ, ವಿಮೆಯ ಪಾಲಿಸಿ, ಗ್ಯಾರೇಜಿನ ಬಿಲ್ಲು ಎಲ್ಲವನ್ನೂ ಕೇಳಿ ಪಡೆದು, ಮೇಜಿನ ಮೇಲೆ ವರ್ಷವಾರು ಜೋಡಿಸಿರಿ. ಹಾಗೆ ಜೋಡಿಸಿದಾಗ ಕಾಗದಗಳಿಗಿಂತ ಅವುಗಳ ನಡುವಿನ ಅಂತರವೇ ಹೆಚ್ಚು ಹೇಳುತ್ತದೆ. ಎಮಿಷನ್ ಚೀಟಿ ಹಳೆಯ ವಾಹನಗಳಿಗೆ 6 ತಿಂಗಳಿಗೊಮ್ಮೆ, ಬಿ.ಎಸ್. 4 ಮತ್ತು 6ರ ವಾಹನಗಳಿಗೆ ವರ್ಷಕ್ಕೊಮ್ಮೆ ಬೇಕು. ಪಿಕಪ್ಪೊಂದಕ್ಕೆ ನಡುವೆ ಎರಡು ವರ್ಷ ಎಫ್.ಸಿ.ಯೂ ಇಲ್ಲ, ವಿಮೆಯೂ ಇಲ್ಲ, ಎಮಿಷನ್ನೂ ಇಲ್ಲ ಎಂದಾದರೆ ಅಷ್ಟು ದಿನ ಅದು ಎಲ್ಲಿತ್ತು? ಅಪಘಾತವಾಗಿ ಷೆಡ್ಡಿನಲ್ಲಿತ್ತೇ, ಪೋಲೀಸು ಠಾಣೆಯ ಅಂಗಳದಲ್ಲಿ ಮಳೆಯಲ್ಲಿ ನೆನೆಯುತ್ತಿತ್ತೇ, ಕಾಗದವಿಲ್ಲದೆ ಓಡುತ್ತಿತ್ತೇ? ಕೇಳಬೇಕು. ಸರಿಯಾದ ಉತ್ತರ ಬಂದರೆ ಒಪ್ಪಬಹುದು. ಮಾತು ತೇಲಿಸಿದರೆ ಬಿಡಬೇಕು.

ಗ್ಯಾರೇಜಿನ ಬಿಲ್ಲಿನಲ್ಲಿ ಕಿಲೋಮೀಟರು ಬರೆದಿರುತ್ತಾರೆ. ಅದು ವರ್ಷದಿಂದ ವರ್ಷಕ್ಕೆ ಏರಬೇಕು. 2016ರ ಬಿಲ್ಲಿನಲ್ಲಿ 1,32,000 ಇದ್ದು ಇಂದು ಮೀಟರು 88,000 ತೋರಿಸಿದರೆ ಹೆಚ್ಚಿನ ವಿಚಾರಣೆ ಬೇಕಿಲ್ಲ. ಬಿಲ್ಲೇ ಇಲ್ಲದಿದ್ದರೆ ಬ್ರೇಕು, ಕ್ಲಚ್ಚಿನ ಪೆಡಲಿನ ರಬ್ಬರು ನೋಡಿರಿ, ಸ್ಟಿಯರಿಂಗ್ ಚಕ್ರದ ಸವೆತ ನೋಡಿರಿ, ಡ್ರೈವರ್ ಸೀಟಿನ ಕುಸಿತ ನೋಡಿರಿ. ಮೀಟರನ್ನು ಹಿಂದಕ್ಕೆ ತಿರುಗಿಸಿದವರು ಇವನ್ನು ಮರೆತಿರುತ್ತಾರೆ.

ಪೂರ್ಣ ವಿಮೆಯ ಪಾಲಿಸಿ ಇದ್ದರೆ ಅದರಲ್ಲಿ ನೋ ಕ್ಲೇಮ್ ಬೋನಸ್ಸಿನ ಅಂಕಣವಿರುತ್ತದೆ. ಐದು ವರ್ಷ ಸತತವಾಗಿ ಪರಿಹಾರ ಕೇಳದವರಿಗೆ ಇದು ಶೇಕಡಾ 50ಕ್ಕೆ ಏರುತ್ತದೆ. ಹತ್ತು ವರ್ಷ ಒಬ್ಬರೇ ಇಟ್ಟುಕೊಂಡ ವಾಹನಕ್ಕೆ ಸೊನ್ನೆ ಎಂದಿದ್ದರೆ ಇತ್ತೀಚೆಗೆ ದುರಸ್ತಿಗೆ ವಿಮೆಯ ಹಣ ಪಡೆದಿರಬಹುದು, ಇಲ್ಲವೇ ವಿಮೆ ನಡುವೆ ಕಡಿದುಹೋಗಿರಬಹುದು. ಎರಡರಲ್ಲಿ ಯಾವುದೆಂದು ಕೇಳಿ ತಿಳಿಯಬೇಕು. ಈ ಬೋನಸ್ಸು ಮಾಲೀಕರದ್ದೇ ಹೊರತು ವಾಹನದ್ದಲ್ಲವಾದ್ದರಿಂದ, ಕೊಂಡವರಿಗೆ ಅದು ದಾಟುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟೆಲ್ಲದರ ಜೊತೆಗೆ, ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ವಾಹನದ ನಂಬರು ಹಾಕಿದರೆ ನೋಂದಣಿಯ ದಿನ, ಎಫ್.ಸಿ., ವಿಮೆ, ಎಮಿಷನ್ನುಗಳ ಕೊನೆಯ ದಿನ, ಸಾಲದ ಬಾಧ್ಯತೆ ಇವುಗಳ ವಿವರ ಸಿಗುತ್ತದೆ. ಮನೆಯ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಬಾಕಿ ದಂಡದ ಚಲನ್ನುಗಳನ್ನೂ ನಂಬರು ಹಾಕಿ ನೋಡಬಹುದು. ಕಾಗದದಲ್ಲಿರುವುದೂ ಅಲ್ಲಿ ಕಾಣುವುದೂ ಒಂದೇ ಇರಬೇಕು. ಆದರೆ ಅಲ್ಲಿ ಕಾಣುವುದು ಇಂದಿನ ಸ್ಥಿತಿಯೇ ಹೊರತು ಹಿಂದಿನ ತಪಾಸಣೆಗಳ ಪೂರ್ಣ ಕಥೆಯಲ್ಲ.

ವಾಹನ ಬಂದ ಊರು

ಅಡಿಕೆ ಸಸಿ ತರುವಾಗ ಯಾವ ತೋಟದ್ದೆಂದು ಕೇಳುತ್ತೇವೆ. ವಾಹನಕ್ಕೂ ಅದೇ ಪ್ರಶ್ನೆ ಕೇಳಬೇಕು.

ಕರಾವಳಿಯ ಕೆ.ಎ. 19, ಕೆ.ಎ. 20 ನಂಬರಿನ ವಾಹನ ಸಮುದ್ರದ ಬದಿಯಲ್ಲೇ ಓಡಿದ್ದಾದರೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿದಿರುತ್ತದೆ. ಕೊಡಗು ಮತ್ತು ಕೇರಳದಲ್ಲಿ 2018ರ ಆಗಸ್ಟಿನಲ್ಲಿ, ನಮ್ಮ ಮಲೆನಾಡಿನಲ್ಲೂ ಸೇರಿ 2019ರ ಆಗಸ್ಟಿನಲ್ಲಿ ಬಂದ ನೆರೆಗಳಲ್ಲಿ ಅನೇಕ ವಾಹನಗಳು ಮುಳುಗಿದವು. ನೀರಿನಲ್ಲಿ ಮುಳುಗಿ ಎದ್ದ ವಾಹನ ತೊಳೆದಾಗ ಚೆನ್ನಾಗಿಯೇ ಕಾಣುತ್ತದೆ. ವೈರಿಂಗು ಆಮೇಲೆ ಒಂದೊಂದಾಗಿ ಕೈಕೊಡುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಒಂದಡಿ ನೋಡಿರಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಮ್ಯಾಟಿನ ಅಡಿಯ ವಾಸನೆ ಕೂಡ ಸಾಕ್ಷಿ ಹೇಳುತ್ತವೆ.

ದೆಹಲಿಯ ಕಡೆಯಿಂದ ಅಗ್ಗಕ್ಕೆ ಬರುವ ಡೀಸೆಲ್ ಕಾರುಗಳಿಗೂ ಕಾರಣವಿದೆ. 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲು ವಾಹನಗಳು ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಜಾರಿಗೊಳಿಸಲು ಹೇಳಿತು. ಆ ಆದೇಶದಲ್ಲಿ ಮುಂದೆ ಬದಲಾವಣೆಗಳಾಗಿದ್ದರೂ, ನಡುವಿನ ವರ್ಷಗಳಲ್ಲಿ ಅನೇಕ ವಾಹನಗಳು ಬೇರೆ ರಾಜ್ಯಗಳಿಗೆ ಮಾರಾಟವಾದವು. ಹೊರರಾಜ್ಯದ ವಾಹನಕ್ಕೆ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ನಮ್ಮ ರಾಜ್ಯದ ತೆರಿಗೆ ಹೊಸದಾಗಿ ಕಟ್ಟಬೇಕು. 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರು ಹಾಕಿಸಬೇಕು. ತೆರಿಗೆ ಎಷ್ಟೆಂದು ಆರ್.ಟಿ.ಓ. ಕಛೇರಿಯಲ್ಲಿ ವಿಚಾರಿಸಿ, ಅದನ್ನು ಬೆಲೆಗೆ ಕೂಡಿಸಿ ನೋಡಿರಿ. ಅಗ್ಗ ಎಲ್ಲಿ ಹೋಯಿತೆಂದು ಆಶ್ಚರ್ಯವಾಗುತ್ತದೆ.

ಸರ್ಕಾರಿ ಇಲಾಖೆಯ ಹಳೆಯ ಜೀಪುಗಳ ಮೇಲೆ ನಮ್ಮವರಿಗೆ ಮೊದಲಿನಿಂದ ಆಸೆ. ಆದರೆ 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿಯನ್ನು 1-4-2023ರಿಂದ ನವೀಕರಿಸುವುದಿಲ್ಲ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂಥ ಜೀಪು ತೋರಿಸಿ ಕಾಗದ ಮಾಡಿಸಿಕೊಡುತ್ತೇನೆ ಎನ್ನುವವರ ಮಾತಿಗೆ ಮರುಳಾಗಬೇಡಿರಿ.

ಅಡಿಗೆ ನುಸುಳಿ ನೋಡುವುದು

ಪಂಚೆ ಉಟ್ಟು ನೆಂಟರ ಮನೆಗೆ ಹೋದಂತೆ ಹೋಗಿ ವಾಹನ ನೋಡಬಾರದು. ಹಳೆಯ ಬಟ್ಟೆ, ಒಂದು ಟಾರ್ಚು, ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರು, ಒಂದು ಗೋಣಿಚೀಲ ಜೊತೆಗಿರಲಿ. ಹಗಲು ಹೊತ್ತಿನಲ್ಲಿ ನೋಡಿರಿ. ನಂಬಿಕೆಯ ಮೆಕ್ಯಾನಿಕ್ ಜೊತೆಗಿದ್ದರೆ ಮತ್ತೂ ಒಳ್ಳೆಯದು.

ಜೀಪು, ಪಿಕಪ್ಪುಗಳಿಗೆ ಚಾಸಿಯೇ ಬೆನ್ನೆಲುಬು. ಗೋಣಿ ಹಾಸಿ ಅಡಿಗೆ ಮಲಗಿ, ಸ್ಪ್ರಿಂಗ್ ಪಟ್ಟಿಯ ಕೊಂಡಿಗಳು ಚಾಸಿಗೆ ಸೇರುವ ಕಡೆ, ಅಡ್ಡಪಟ್ಟಿಗಳ ಮೂಲೆಗಳಲ್ಲಿ, ಹಿಂಚಕ್ರದ ಮೇಲ್ಭಾಗದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬನ್ನಿರಿ. ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ತುಕ್ಕು ತಿಂದದ್ದು ಬದ್ದೆನ್ನುತ್ತದೆ. ಸದ್ದು ಬದಲಾದ ಕಡೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿರಿ. ಹೊಸದಾಗಿ ಟಾರು ಬಳಿದಿದ್ದರೆ ಒಂದೆರಡು ಕಡೆ ಕೆರೆಯಲು ಅನುಮತಿ ಕೇಳಿರಿ. ಒಪ್ಪದಿದ್ದರೆ ಅದೇ ಉತ್ತರ. ಮೇಲೆ ತಗಡಿನ ಪ್ಯಾಚು ಬೆಸೆದಿದ್ದರೆ ಅದರ ಅಂಚಿನಾಚೆಯ ಕಬ್ಬಿಣ ಹೇಗಿದೆಯೆಂದು ನೋಡಬೇಕು.

ಮಾರುತಿ 800, ಓಮ್ನಿ, ಆಲ್ಟೋ ಮುಂತಾದ ಕಾರುಗಳಿಗೆ ಬೇರೆ ಚಾಸಿಯಿಲ್ಲ. ಬಾಡಿಯೇ ಚಾಸಿ. ಇವುಗಳಲ್ಲಿ ಮ್ಯಾಟು ಎತ್ತಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ಟು ಎತ್ತಿದಾಗ ಎರಡೂ ಬದಿಯಲ್ಲಿ ಕಾಣುವ ಶಾಕ್ ಅಬ್ಸಾರ್ಬರಿನ ಬುರುಡೆ ನೋಡಬೇಕು. ಈ ಕಡೆ ತುಕ್ಕು ತೂತು ಬಿದ್ದಿದ್ದರೆ ಟಿಂಕರಿಂಗಿನಿಂದ ಮೊದಲಿನ ಬಲ ಬರುವುದಿಲ್ಲ. ಬಾಡಿಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದರೆ ಒಂದು ಸಣ್ಣ ಅಯಸ್ಕಾಂತ ಹೇಳುತ್ತದೆ. ದಪ್ಪ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ.

ಬ್ರೇಕಿನ ವಿಷಯದಲ್ಲಿ ರಾಜಿ ಬೇಡ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರು ಕೆಟ್ಟಿದೆ. ನಾಲ್ಕೂ ಚಕ್ರದ ಒಳಮೈ ಮುಟ್ಟಿ ನೋಡಿರಿ. ಒದ್ದೆಯಿದ್ದರೆ ಬ್ರೇಕ್ ಆಯಿಲ್ ಇಳಿಯುತ್ತಿದೆ. ಡಬ್ಬಿಯಲ್ಲಿರುವ ಆಯಿಲ್ ಕಪ್ಪಾಗಿದ್ದರೆ ವರ್ಷಗಟ್ಟಲೆ ಬದಲಾಯಿಸಿಲ್ಲವೆಂದು ಅರ್ಥ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕು ಕಾದು, ಆ ನೀರಿನಂಶ ಕುದಿದು ಆವಿಯಾದರೆ, ಪೆಡಲು ಒತ್ತಿದರೂ ಹಿಡಿತವಿರುವುದಿಲ್ಲ. ಮಳೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯಲಾಗದು.

ಮುಂಚಕ್ರವನ್ನು ಜಾಕು ಕೊಟ್ಟು ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿರಿ. ಅಲುಗಿದರೆ ಬೇರಿಂಗು, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟು ಸವೆದಿದೆ. ಎಡ ಬಲ ಅಲುಗಿದರೆ ಸ್ಟಿಯರಿಂಗಿನ ಟೈರಾಡ್ ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ. 2314 ಎಂದಿದ್ದರೆ 2014ನೆಯ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಬಾರದು. ಕಾರು, ಜೀಪುಗಳಲ್ಲಿ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನಂತೆಯೂ ಟೈರು ಮುಗಿದಂತೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟು ತಪ್ಪಿದೆ, ಇಲ್ಲವೇ ಹಿಂದೊಮ್ಮೆ ಪೆಟ್ಟುಬಿದ್ದು ಬಾಗಿದೆ.

ಹಳೆಯ ಪೆಟ್ರೋಲು ಕಾರಾದರೆ ಪೆಟ್ರೋಲಿನ ರಬ್ಬರು ಪೈಪುಗಳನ್ನು ಬಗ್ಗಿಸಿ ನೋಡಿರಿ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಹಳೆಯ ಕಾರುಗಳ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಬಿರುಕು ಬಿಟ್ಟಿದ್ದರೆ ಬದಲಾಯಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಓಡಿಸಿ ನೋಡುವುದು

ಬೆಳಿಗ್ಗೆ ಬರುತ್ತೇವೆ, ಅದುವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಿ. ಹೋದಾಗ ಬಾನೆಟ್ಟು ಮುಟ್ಟಿ ನೋಡಿರಿ. ಬಿಸಿಯಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗದ ವಾಹನವೆಂಬ ಅನುಮಾನಕ್ಕೆ ಎಡೆಯಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಗಾಡಿಯ ಉಸಿರಿನಂತೆ ಬುಸುಬುಸು ಹೊಗೆ ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರವಾಗಿದೆ.

ಟಾರು ರಸ್ತೆಯಲ್ಲಷ್ಟೇ ಓಡಿಸಿ ಒಪ್ಪಬೇಡಿರಿ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ ನೋಡಿರಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರು ಬಿಟ್ಟು ಬನ್ನಿರಿ. ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ ಆ ವಾಹನ ನಮ್ಮ ರಸ್ತೆಗಳಿಗಲ್ಲ. ಖಾಲಿ ಮಟ್ಟಸ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಒಂದು ಕಡೆಗೆ ಎಳೆಯಬಾರದು. ಫೋರ್ ವೀಲ್ ಜೀಪಾದರೆ ಕೆಸರಿನಲ್ಲೋ ಸಡಿಲ ಮಣ್ಣಿನಲ್ಲೋ ಗೇರು ಹಾಕಿ, ಮುಂಚಕ್ರಗಳು ನಿಜವಾಗಿ ಎಳೆಯುತ್ತವೆಯೇ ಎಂದು ಇನ್ನೊಬ್ಬರು ಹೊರಗೆ ನಿಂತು ನೋಡಬೇಕು. ವೈಪರು, ಹೆಡ್‌ಲೈಟು, ಹಾರನ್ನುಗಳನ್ನು ಜುಲೈ ತಿಂಗಳ ಮಂಜನ್ನು ನೆನೆದು ಪರೀಕ್ಷಿಸಿರಿ.

ಹಣ ಕೊಡುವ ದಿನ

ನೋಡಿ ಒಪ್ಪಿದ ಮೇಲೆ ಲೆಕ್ಕ ಹಾಕಬೇಕು. ನೋಂದಣಿ ಇನ್ನೊಂದೇ ವರ್ಷವಿದ್ದರೆ ನವೀಕರಣದ ಖರ್ಚು ಕೊಳ್ಳುವವರದ್ದು. 2022ರ ಏಪ್ರಿಲಿನಿಂದ 15 ವರ್ಷ ಮೀರಿದ ಕಾರು, ಜೀಪುಗಳ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದವಕ್ಕೆ 10,000 ರೂಪಾಯಿ ಮಾಡಿದರು. ಬ್ರೇಕು, ಟೈರು, ಬ್ಯಾಟರಿಗಳ ದುರಸ್ತಿ, ಹಸಿರು ತೆರಿಗೆ ಎಲ್ಲ ಸೇರಿಸಿ ನೋಡಿದಾಗ ಬರುವುದೇ ನಿಜವಾದ ಬೆಲೆ. 2019ರ ಏಪ್ರಿಲಿಗೆ ಮುಂಚಿನ ವಾಹನಗಳಿಗೂ ಎಚ್.ಎಸ್.ಆರ್.ಪಿ. ನಂಬರು ಫಲಕ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದೆ. ಅದನ್ನು ಮಾರುವವರೇ ಹಾಕಿಸಿಕೊಡಲಿ.

ಪೂರ್ಣ ಹಣ ಕೊಡುವ ಮೊದಲು ಈ ಕೆಳಗಿನವು ಕೈಯಲ್ಲಿರಬೇಕು:

1. ಮೂಲ ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಚೀಟಿ, ಹಳದಿ ಬೋರ್ಡಾದರೆ ಎಫ್.ಸಿ. ಮತ್ತು ತೆರಿಗೆ ರಶೀದಿ.
2. ಮಾಲೀಕರು ಸಹಿ ಮಾಡಿದ 29 ಮತ್ತು 30ನೇ ನಮೂನೆಗಳು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಿರಬೇಕು.
3. ಸಾಲದ ಮೇಲೆ ಕೊಂಡ ವಾಹನವಾದರೆ ಸಾಲ ಕೊಟ್ಟವರ 35ನೇ ನಮೂನೆ. ಆರ್.ಸಿ.ಯಲ್ಲಿ ಸಾಲದ ನಮೂದು ಇರುವವರೆಗೆ ವಾಹನ ನಮ್ಮದಾಗದು.
4. ಬೇರೆ ಆರ್.ಟಿ.ಓ. ವ್ಯಾಪ್ತಿಯದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರದ ಅಗತ್ಯವಿದೆಯೇ ಎಂಬ ವಿಚಾರಣೆ.
5. ದಿನಾಂಕದ ಜೊತೆಗೆ ಹೊತ್ತನ್ನೂ ಬರೆದ, ಇಬ್ಬರು ಸಾಕ್ಷಿಗಳ ರುಜುವಿರುವ ಹಸ್ತಾಂತರ ಪತ್ರ.

ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಹೊರರಾಜ್ಯವಾದರೆ 45 ದಿನಗಳೊಳಗೆ, ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ಅರ್ಜಿ ಹಾಕಬೇಕು. ವಿಮಾ ಕಂಪೆನಿಗೂ 14 ದಿನಗಳೊಳಗೆ ಬರೆದು ಹೆಸರು ಬದಲಾಯಿಸಿಕೊಳ್ಳಬೇಕು. ಇದು ಮಾರುವ ಸದಸ್ಯರಿಗೂ ಮುಖ್ಯ. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಆ ಪ್ರಕರಣದಲ್ಲಿ ವಾಹನ ಕೈಯಿಂದ ಕೈಗೆ ಮೂರು ನಾಲ್ಕು ಮಂದಿಗೆ ದಾಟಿತ್ತು. ಆದರೂ ಹೊಣೆ ಬಂದದ್ದು ಆರ್.ಸಿ.ಯಲ್ಲಿ ಹೆಸರಿದ್ದವರ ಮೇಲೆ. ಖಾಲಿ ನಮೂನೆಗೆ ಸಹಿ ಹಾಕಿ ದಳ್ಳಾಳಿಯ ಕೈಗಿಟ್ಟು ಮರೆಯುವ ಅಭ್ಯಾಸವನ್ನು ಇಂದೇ ಬಿಡಬೇಕು.

ಕೆಲಸದವರನ್ನು ಕೂರಿಸಿಕೊಂಡು ಹೋಗುವವರು ವಿಮೆ ಮಾಡಿಸುವಾಗ ವಾಹನದೊಳಗಿನವರಿಗೂ ರಕ್ಷಣೆಯಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಸರಕು ಸಾಗಿಸುವ ಪಿಕಪ್ಪಿನ ಹಿಂದೆ ಆಳುಗಳನ್ನು ತುಂಬುವುದಂತೂ ಕೂಡದು. ಅದು ಕಾನೂನಿಗೂ ವಿರುದ್ಧ, ವಿಮೆಯೂ ಒದಗದು.

ಕೊನೆಯ ಮಾತು

ಎಲ್ಲವೂ ಸರಿಯಿರುವ ಹಳೆಯ ವಾಹನ ಸಿಗುವುದಿಲ್ಲ. ಸವೆದ ಟೈರು, ಕೆಟ್ಟ ಬ್ಯಾಟರಿ, ಹರಿದ ಸೀಟು, ಮಾಸಿದ ಬಣ್ಣ ಇವೆಲ್ಲ ಹಣದಿಂದ ಸರಿಯಾಗುವ ದೋಷಗಳು. ಅವನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು. ತುಕ್ಕು ತಿಂದ ಚಾಸಿ, ತಿದ್ದಿದ ನಂಬರು, ಹೊಂದದ ಕಾಗದ ಈ ಮೂರು ಕಂಡರೆ ಮಾತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಇನ್ನು ಮುಂದೆ ಹಳೆಯ ವಾಹನದ ಸಾಲಕ್ಕೆ ಅರ್ಜಿ ಕೊಡುವ ಸದಸ್ಯರು ಕಾಗದಪತ್ರಗಳ ನಕಲಿನ ಜೊತೆಗೆ, ವಾಹನದ ಅಡಿಭಾಗ ನೋಡಿದ ಮೆಕ್ಯಾನಿಕ್ಕರ ಒಂದು ಚೀಟಿಯನ್ನೂ ತಂದರೆ ಒಳ್ಳೆಯದೆಂದು ನಮ್ಮ ಕೋರಿಕೆ. ಇದು ಸಂಘದ ನಿಯಮವಲ್ಲ. ಆದರೆ ಜೀಪು ಷೆಡ್ಡಿನಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲವೆಂಬುದನ್ನು ಮೇಜಿನ ಈಚೆ ಕುಳಿತು ನಾವು ಕಂಡಿದ್ದೇವೆ. ಬೇಕಾದವರು ಕಾಗದಗಳನ್ನು ಕಛೇರಿಗೆ ತಂದರೆ ತಾರೀಖುಗಳನ್ನು ಜೋಡಿಸಿ ನೋಡಲು ನಾವೂ ಜೊತೆಗೂಡುತ್ತೇವೆ.

ಅಂದು ಕೈಮುರಿದುಕೊಂಡ ಹೆಣ್ಣುಮಗಳು ಇಂದಿಗೂ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಾರೆ. ಮಳೆಗಾಲದಲ್ಲಿ ಆ ಕೈ ನೋಯುತ್ತದಂತೆ. ಜೀಪು ಹತ್ತುವ ಮೊದಲು ಒಮ್ಮೆ ಬಗ್ಗಿ ಅದರ ಅಡಿ ನೋಡುತ್ತಾರೆ. ಆ ಕೆಲಸವನ್ನು ಕೊಳ್ಳುವ ದಿನ ನಾವು ಮಾಡಬೇಕಾಗಿತ್ತು.

— ಕಾರ್ಯದರ್ಶಿ